ಒಡೆಯದ ಹಾಲು

ನಮ್ಮೂರಿನಲ್ಲಿ ಅರವತ್ತು ದಾಟಿದವರ ಮುಂದೆ ಹಾಲು ಇಡಬೇಕಾದರೆ ಧೈರ್ಯ ಬೇಕು. ಮನಸ್ಸಿನಲ್ಲಿ ಕಳವಳ ಇಟ್ಟುಕೊಂಡವರ ಎದುರು ಹಾಲು ಕಾಲು ಗಂಟೆ ನಿಲ್ಲುವುದಿಲ್ಲ, ಒಡೆದು ನೀರು ಬೇರೆ, ಗಡ್ಡೆ ಬೇರೆ ಆಗಿಬಿಡುತ್ತದೆ. ಚಿಕ್ಕವರು ಎಷ್ಟು ಬೇಕಾದರೂ ತಲೆ ಕೆಡಿಸಿಕೊಳ್ಳಲಿ, ಹಾಲಿಗೆ ಅದರ ಗೊಡವೆಯಿಲ್ಲ. ಅರವತ್ತು ತುಂಬಿದ ಮಾರನೆಯ ದಿನದಿಂದ ಶುರು. ಅದೂ ಹಾಲಿನ ಮಗ್ಗುಲಲ್ಲೇ ಕೂತವರದು ಮಾತ್ರ, ಒಂದು ಮೊಳ ಆಚೆ ಇರುವವರ ಕಳವಳ ಅದಕ್ಕೆ ತಾಗುವುದಿಲ್ಲ. ಆದ್ದರಿಂದ ಹಿರಿಯರು ಯಾರ ಮನೆಗೆ ಹೋದರೂ ಕೇಳದೆಯೇ ಕರಿ ಕಾಫಿ ತಂದಿಡುತ್ತಾರೆ. ಅವರೂ ಹಾಲು ಹಾಕಿದರೆ ನಮಗೆ ಗ್ಯಾಸು ಎಂದು ತಾವಾಗಿಯೇ ಹೇಳಿಕೊಂಡು ಕುಡಿಯುತ್ತಾರೆ. ಊರಿನ ಮುಕ್ಕಾಲು ಪಾಲು ಮುದುಕರಿಗೆ ಗ್ಯಾಸು. ಪೇಟೆಯ ಖೋವಾ ಅಂಗಡಿಯವನು ತನ್ನ ಅಪ್ಪನನ್ನು ಬಾಣಲೆಯ ಪಕ್ಕದಲ್ಲೇ ಕುರ್ಚಿ ಹಾಕಿ ಕೂರಿಸಿ, ನೋಡಿ ನಮ್ಮ ಮನೆತನ ಎಷ್ಟು ನೆಮ್ಮದಿಯದು ಎಂದು ಬಂದವರಿಗೆಲ್ಲ ತೋರಿಸುತ್ತಾನೆ. ಆ ಯಜಮಾನರಿಗೆ ಮರೆವು ಹತ್ತಿ ಆರು ವರ್ಷವಾಯಿತು. ತಮ್ಮ ಹೆಸರೇ ಗೊತ್ತಿಲ್ಲದವರಿಗೆ ಕಳವಳ ಎಲ್ಲಿಂದ ಬರಬೇಕು.

ಇಷ್ಟೇ ಆಗಿದ್ದರೆ ಕರಿ ಕಾಫಿ ಕುಡಿದುಕೊಂಡು ಇದ್ದುಬಿಡಬಹುದಿತ್ತು. ಆದರೆ ನಮ್ಮಲ್ಲಿ ಹುಡುಗಿಗೆ ಗಂಡು ಗೊತ್ತಾಗುವ ಮುಂಚೆ ಹಾಲು ನೋಡುವ ಶಾಸ್ತ್ರ ಅಂತ ಒಂದಿದೆ. ಹುಡುಗಿಯ ಅಜ್ಜಿಯೋ ಅಜ್ಜನೋ ಗಂಡಿನ ಕಡೆಯವರ ನಡುವೆ ಹಾಲಿನ ಲೋಟ ಇಟ್ಟುಕೊಂಡು ಕೂರಬೇಕು. ಹಾಲು ಒಡೆಯಿತೋ, ಬಂದವರು ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ. ಕಳವಳ ರಕ್ತದಲ್ಲಿ ಇಳಿದು ಬರುತ್ತದೆ ಎಂದು ಅವರ ನಂಬಿಕೆ. ಆಮೇಲೆ ಆ ಮನೆಗೆ ಹುಳಿಮನೆ ಎಂದು ಹೆಸರು ಬೀಳುತ್ತದೆ, ಮೂರು ತಲೆಮಾರು ಕಳೆದರೂ ಹೋಗುವುದಿಲ್ಲ. ಹೀಗಿರುವಾಗ ಜನ ಕೈಕಟ್ಟಿ ಕೂರುತ್ತಾರೆಯೇ? ಹಾಲಿಗೆ ಒಂದು ಚಿಟಿಕೆ ಅಡುಗೆ ಸೋಡ ಹಾಕಿದರೆ ಎಂಥ ಕಳವಳಕ್ಕೂ ಅದು ಜಗ್ಗುವುದಿಲ್ಲ. ಇದನ್ನು ಅತ್ತೆ ಸೊಸೆಗೆ ಹೇಳಿಕೊಡುತ್ತಾಳೆ, ಸೊಸೆ ಮುಂದೆ ಅದೇ ಅತ್ತೆಯ ಲೋಟಕ್ಕೆ ಹಾಕುತ್ತಾಳೆ. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ನಮ್ಮೂರ ದಿನಸಿ ಅಂಗಡಿಗಳಲ್ಲಿ ಉಪ್ಪಿಗಿಂತ ಸೋಡವೇ ಹೆಚ್ಚು ಖರ್ಚಾಗುತ್ತದೆ ಎಂದರೆ ನೀವೇ ಲೆಕ್ಕ ಹಾಕಿ.

ನನ್ನ ಹೆಸರು ಶಾಂಭವಿ. ಪುರಸಭೆಯ ಜನನ ಮರಣ ವಿಭಾಗದಲ್ಲಿ ಮೂವತ್ತೊಂದು ವರ್ಷ ಫಾರಂ ತುಂಬಿದವಳು. ಊರಿನ ಅರ್ಧ ಜನ ಹುಟ್ಟಿದ್ದು ನನ್ನ ಅಕ್ಷರದಲ್ಲಿ, ಸತ್ತಿದ್ದೂ ನನ್ನ ಅಕ್ಷರದಲ್ಲಿ. ಮದುವೆಯಾಗಲಿಲ್ಲ, ಹಾಗಾಗಿ ನನ್ನ ಲೋಟಕ್ಕೆ ಸೋಡ ಹಾಕುವವರು ಯಾರೂ ಇಲ್ಲ. ಅರವತ್ತು ತುಂಬುವುದಕ್ಕೆ ಒಂದು ತಿಂಗಳು ಇರುವಾಗಲೇ ಹಾಲಿನವನಿಗೆ ನಾಳೆಯಿಂದ ಬೇಡಪ್ಪ ಅಂದೆ. ನನ್ನೊಳಗೆ ಏನಿದೆ ಎಂದು ಒಂದು ಲೋಟದಿಂದ ತಿಳಿದುಕೊಳ್ಳುವ ದರ್ದು ನನಗೆ ಇರಲಿಲ್ಲ.

ರಾಜಧಾನಿಯ ದೊಡ್ಡ ಆಸ್ಪತ್ರೆಯಿಂದ ಡಾಕ್ಟರು ಮೃದುಲಾ ಬಂದಿದ್ದು ಹೋದ ಮಾಘದಲ್ಲಿ. ಮೂವತ್ತೈದು ದಾಟಿರದ ಹೆಂಗಸು, ಮಾತು ಮೆದು, ಕಾಲಲ್ಲಿ ಗಂಡಸರ ಬೂಟು. ಪುರಸಭೆಯ ಸಭಾಂಗಣದಲ್ಲಿ ಹಿರಿಯರನ್ನೆಲ್ಲ ಸೇರಿಸಿ, ನಾವು ನಿಮ್ಮನ್ನು ಪರೀಕ್ಷೆ ಮಾಡಲು ಬಂದಿಲ್ಲ, ನಮ್ಮ ಪ್ರಶ್ನೆಗಳನ್ನು ಪರೀಕ್ಷೆ ಮಾಡಲು ಬಂದಿದ್ದೇವೆ ಎಂದಳು. ವಯಸ್ಸಾದವರ ಕಳವಳವನ್ನು ಬೇಗ ಗುರುತು ಹಿಡಿಯುವುದಕ್ಕೆ ಇಪ್ಪತ್ತು ಪ್ರಶ್ನೆಗಳ ಒಂದು ಫಾರಂ ಮಾಡಿದ್ದರಂತೆ. ಹೌದು ಅಂದರೆ ಒಂದು, ಇಲ್ಲ ಅಂದರೆ ಸೊನ್ನೆ. ಆದರೆ ಪ್ರಶ್ನೆ ಸರಿಯಾದದ್ದೋ ಸುಮ್ಮನೆ ಕೇಳಿದ್ದೋ ಎಂದು ಗೊತ್ತಾಗುವುದು ಹೇಗೆ? ಬೇರೆ ಊರಿನಲ್ಲಾದರೆ ಒಬ್ಬೊಬ್ಬರ ಜೊತೆ ಡಾಕ್ಟರು ಒಂದು ಗಂಟೆ ಕೂತು ಮಾತಾಡಿಸಿ, ಆ ತೀರ್ಮಾನದ ಪಕ್ಕದಲ್ಲಿ ಫಾರಮ್ಮನ್ನು ಇಟ್ಟು ನೋಡಬೇಕು. ನಿಮ್ಮೂರಲ್ಲಿ ಆ ಕೆಲಸವನ್ನು ಹಾಲೇ ಮಾಡುತ್ತದಲ್ಲ ಎಂದು ನಕ್ಕಳು. ಹಾಲಿನ ಮಾತಿಗೆ ಹೊಂದುವ ಪ್ರಶ್ನೆ ಉಳಿಯುತ್ತದೆ, ಹೊಂದದ್ದು ಹೋಗುತ್ತದೆ. ಫಾರಂ, ಹಾಲು ಎರಡೂ ಹೌದು ಅಂದವರಿಗೆ ಪ್ರತಿ ಮಂಗಳವಾರ ತಾನೇ ಬಂದು ಔಷಧಿ, ಮಾತು, ಏನು ಬೇಕೋ ಅದನ್ನು ಕೊಡುತ್ತೇನೆ ಅಂದಳು. ಕಳವಳ ಅನ್ನುವುದು ಹುಟ್ಟುಗುಣ ಅಲ್ಲ, ಅದು ವಾಸಿಯಾಗುವಂಥದ್ದು ಅಂತಲೂ ಅಂದಳು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು, ಅಷ್ಟೇ.

ಪ್ರಶ್ನೆ ಓದಿ ಉತ್ತರ ಬರೆಯುವುದಕ್ಕೆ ಊರಿನವರೇ ಯಾರಾದರೂ ಬೇಕಿತ್ತು. ಪುರಸಭೆಯವರು ನನ್ನ ಹೆಸರು ಹೇಳಿದರು. ಡಾಕ್ಟರು ಮೊದಲ ದಿನ ಒಂದು ಕ್ಯಾನು ತಾಜಾ ಹಾಲು ತರಿಸಿಕೊಂಡು ಮನೆಮನೆಗೆ ಹೊರಟಳು. ಬಿಸಿಲಿಗೆ ಹತ್ತು ಗಂಟೆಯಷ್ಟೊತ್ತಿಗೆ ಅದು ತಾನಾಗಿಯೇ ಕೆಟ್ಟಿತು. ಪುಡಿ ಹಾಲಿನಿಂದ ಆಗುವುದಿಲ್ಲ, ಅದು ಯಾರ ಮುಂದೆ ಇಟ್ಟರೂ ಕಲ್ಲಿನ ಹಾಗೆ ಕೂತಿರುತ್ತದೆ. ಅವಳು ತಲೆ ಮೇಲೆ ಕೈ ಹೊತ್ತು ಜಗಲಿಯ ಮೇಲೆ ಕೂತಾಗ, ಹಾಲು ಅವರವರ ಮನೆಯದೇ ಆಗಲಿ ಬಿಡಿ ಡಾಕ್ಟ್ರೇ ಎಂದು ಹೇಳಿದವಳು ನಾನು. ಪಾಪ, ಅವಳಿಗೆ ಅದು ಉಪಕಾರದ ಮಾತಿನ ಹಾಗೆ ಕೇಳಿಸಿತು. ಹಾಗೆ ಮಾಡಿದರೆ ಸೊಸೆಯಂದಿರಿಗೆ ಅಡುಗೆಮನೆಯಲ್ಲಿ ಒಂದು ನಿಮಿಷ ಸಿಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಊರಿನ ಮಾನ ಉಳಿಯಲಿ ಅಂದುಕೊಂಡೆ. ಪರಸ್ಥಳದವರು ಬಂದು ನಮ್ಮ ಮನೆಗಳನ್ನು ಹುಳಿಮನೆ ಮಾಡಿ ಹೋಗುವುದು ಬೇಡ ಅಂದುಕೊಂಡೆ. ಈಗ ಯೋಚಿಸಿದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಸಭೆ ನಡೆದ ದಿನ ಸಂಜೆಯೇ ದೇವೀರಮ್ಮ ನಮ್ಮ ಮನೆಗೆ ಬಂದಿದ್ದಳು. ನಮ್ಮ ಬೀದಿಯ ಕೊನೆಯ ಮನೆಯವಳು, ನನಗಿಂತ ಏಳು ವರ್ಷ ದೊಡ್ಡವಳು, ಹುಡುಗಿಯಾಗಿದ್ದಾಗ ನನಗೆ ಜಡೆ ಹಾಕುತ್ತಿದ್ದವಳು. ಊರಿನಲ್ಲಿ ಅವಳಿಗೆ ಗಟ್ಟಿ ಹೆಂಗಸು ಅಂತ ಹೆಸರು. ಗಂಡ ಹೋದಾಗಲೂ ನಾಲ್ಕು ಜನರ ಮುಂದೆ ಅತ್ತವಳಲ್ಲ. ಅವಳ ಮಗ ಮಾದೇವ ಹಾಲಿನ ಡೇರಿಯಲ್ಲಿ ಕೆಲಸಕ್ಕಿದ್ದಾನೆ, ಸೊಸೆ ಭಾಗೀರಥಿ, ಮೊಮ್ಮಗಳು ಪಲ್ಲವಿ. ಬಂದವಳು ಕೂರಲೂ ಇಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು, ಶಾಂಭವಿ, ಅದು ವಾಸಿಯಾಗುತ್ತಂತಲ್ಲೇ, ಅಂದಳು. ಯಾವುದು ಎಂದು ನಾನು ಕೇಳಲಿಲ್ಲ. ಅವಳೂ ಬಿಡಿಸಿ ಹೇಳಲಿಲ್ಲ. ನಮ್ಮ ಮನೆಗೆ ಯಾವತ್ತು ಬರ್ತೀಯ ಎಂದು ಕೇಳಿ ತಿಳಿದುಕೊಂಡು ಹೊರಟುಹೋದಳು. ಅವಳು ಬೀದಿ ದಾಟುವವರೆಗೂ ನೋಡಿದೆ. ಎರಡು ಸಲ ನಿಂತು, ನನ್ನ ಮನೆಯ ಗೇಟಿನ ಚಿಲಕ ಬಿದ್ದಿದೆಯೋ ಇಲ್ಲವೋ ಎಂದು ತಿರುಗಿ ನೋಡಿದಳು.

ಹದಿನೇಳನೆಯ ದಿನ ಅವಳ ಮನೆಯ ಸರದಿ ಬಂತು. ಆ ಹೊತ್ತಿಗೆ ನೂರು ಚಿಲ್ಲರೆ ಮನೆ ಮುಗಿಸಿದ್ದೆ. ಪಡಸಾಲೆಯಲ್ಲಿ ಮನೆಯವರೆಲ್ಲ ಸುತ್ತ ನಿಂತಿದ್ದರೆ ಮುದುಕರು ಇಪ್ಪತ್ತಕ್ಕೂ ಇಲ್ಲ ಇಲ್ಲ ಎಂದು ಒದರಿಬಿಡುತ್ತಿದ್ದರು. ಬಾಗಿಲು ಹಾಕಿಕೊಂಡು ಕೂತರೆ ಕೆಲವರು ಮೆಲ್ಲಗೆ ಹೌದು ಅನ್ನುತ್ತಿದ್ದರು, ಅಂದು ಹಾಲಿನ ಕಡೆ ನೋಡುತ್ತಿದ್ದರು. ಹಾಲು ಮಾತ್ರ ಯಾರ ಮುಂದೆಯೂ ಒಡೆಯಲಿಲ್ಲ, ಸೊಸೆಯೂ ಇಲ್ಲದ ಮಗಳೂ ಇಲ್ಲದ ನಾಲ್ಕು ಜನರ ಮುಂದೆ ಬಿಟ್ಟು. ಫಾರಮ್ಮಿನಲ್ಲಿ ಹಾಲಿನ ಕಾಲಂ ಅಂತ ಒಂದಿತ್ತು. ನೂರಕ್ಕೂ ಹೆಚ್ಚು ಸಲ ಅದರಲ್ಲಿ ಒಡೆದಿಲ್ಲ ಎಂದು ಬರೆದೆ, ಚೆಂದದ ಅಕ್ಷರದಲ್ಲಿ.

ದೇವೀರಮ್ಮ ತನ್ನ ಕೋಣೆಯಲ್ಲಿ ಚಾಪೆ ಹಾಸಿಟ್ಟಿದ್ದಳು. ತಲೆ ಬಾಚಿ, ಒಗೆದ ಸೀರೆ ಉಟ್ಟು, ದೇವಸ್ಥಾನಕ್ಕೆ ಹೊರಟವಳ ಹಾಗೆ ಕೂತಿದ್ದಳು. ನಾನು ಪೆನ್ನಿನ ಮುಚ್ಚಳ ತೆಗೆಯುವ ಮುಂಚೆಯೇ ದನಿ ತಗ್ಗಿಸಿ ಹೇಳಿದಳು: "ಭಾಗೀರಥಿಗೆ ಕಾಲು ಹಿಡಿದು ಹೇಳಿದೀನಿ ಕಣೇ. ಇವತ್ತೊಂದಿನ ಹಾಕಬೇಡ, ಒಡೆದ್ರೆ ಒಡೀಲಿ, ಡಾಕ್ಟರಮ್ಮ ಯಾರಿಗೂ ಹೇಳಲ್ಲ ಅಂದಿದಾರೆ ಅಂತ. ಆಯ್ತು ಅತ್ತೆ ಅಂದ್ಲು." ಹೇಳಿ ಮುಗಿಸಿ ಸಣ್ಣಗೆ ನಕ್ಕಳು. ಅವಳ ಬೆನ್ನು ಅಡುಗೆಮನೆಯ ಕಡೆಗಿತ್ತು, ನನ್ನ ಮುಖ ಆ ಕಡೆಗೇ ಇತ್ತು.

ಭಾಗೀರಥಿ ಲೋಟಕ್ಕೆ ಹಾಲು ಬಗ್ಗಿಸಿದಳು. ಸ್ವಲ್ಪ ಹೊತ್ತು ಹಾಗೆಯೇ ನಿಂತಳು. ಆಮೇಲೆ ಗೂಡಿನ ಡಬ್ಬಿಗೆ ಕೈ ಹಾಕಿ, ಎರಡು ಬೆರಳಲ್ಲಿ ತೆಗೆದು, ಹಾಕಿ, ಚಮಚದಲ್ಲಿ ತಿರುವಿದಳು. ತಲೆ ಎತ್ತಿದಾಗ ನಾನು ನೋಡುತ್ತಿರುವುದು ಅವಳಿಗೆ ಕಂಡಿತು. ಅವಳು ಎರಡೂ ಕೈ ಜೋಡಿಸಿದಳು. ಒಂಬತ್ತು ದಿನಕ್ಕೆ ಪಲ್ಲವಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಇಲ್ಲಿ ಒಡೆದದ್ದು ಅಷ್ಟರೊಳಗೆ ಅವರ ಕಿವಿಗೆ ಬೀಳದೆ ಇರುತ್ತದೆಯೇ? ನಮ್ಮೂರಲ್ಲಿ ಯಾವುದು ಗುಟ್ಟಾಗಿ ಉಳಿದಿದೆ, ಸೋಡ ಒಂದನ್ನು ಬಿಟ್ಟು. ಕೆಟ್ಟವಳಲ್ಲ ಭಾಗೀರಥಿ. ಅತ್ತೆಯ ಕಾಲಿಗೆ ಎಣ್ಣೆ ತಿಕ್ಕದೆ ಒಂದು ದಿನ ಮಲಗಿದವಳಲ್ಲ. ಅವಳು ತಂದ ಲೋಟವನ್ನು ನಾನೇ ಕೈಚಾಚಿ ತೆಗೆದುಕೊಂಡು ದೇವೀರಮ್ಮನ ಮುಂದೆ ಇಟ್ಟೆ.

ಮೊದಲ ಆರು ಪ್ರಶ್ನೆಗೆ ದೇವೀರಮ್ಮ ಅಭ್ಯಾಸಬಲದಿಂದ ಇಲ್ಲ ಅಂದಳು. ಏಳನೆಯದನ್ನು ಓದಿದೆ. ಏನೋ ಕೆಟ್ಟದ್ದು ಆಗಿಯೇ ಬಿಡುತ್ತದೆ ಎಂದು ನಿಮಗೆ ಯಾವಾಗಲೂ ಅನ್ನಿಸುತ್ತದೆಯೇ? ಮತ್ತೆ ಓದಿದೆ. ಅವಳು ಚಾಪೆಯ ಒಂದು ಕಡ್ಡಿಯನ್ನು ಕೀಳುತ್ತ ಕೀಳುತ್ತ, ಇದನ್ನ ಬರೆದವರು ಯಾರು ಎಂದು ಕೇಳಿದಳು. ಡಾಕ್ಟರು ಅಂದೆ. ಅವರಿಗೂ ಹಾಗೆ ಅನ್ನಿಸ್ತಿರಬೇಕು, ಇಲ್ಲದಿದ್ರೆ ಹೇಗೆ ಗೊತ್ತಾಗತ್ತೆ ಅಂದಳು. ಆಮೇಲೆ ಕಟ್ಟೆ ಒಡೆದು ಹರಿಯಿತು. ಮಾದೇವ ಬೆಳಿಗ್ಗೆ ಡೇರಿಗೆ ಹೊರಟರೆ ಅವನು ಬರುವವರೆಗೆ ಇವಳಿಗೆ ನೀರೂ ಗಂಟಲಲ್ಲಿ ಇಳಿಯುವುದಿಲ್ಲ. ಫೋನು ಹೊಡೆದುಕೊಂಡರೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಾಳೆ, ಕೇಳಿಸದೇ ಇರಲಿ ಎಂದು. ಒಲೆ ಆರಿದೆಯೋ ಎಂದು ಎಂಟು ಸಲ ಮುಟ್ಟಿ ನೋಡುತ್ತಾಳೆ, ಒಂದು ಸಲ ಬೆರಳು ಸುಟ್ಟುಕೊಂಡು ಮಾವಿನಕಾಯಿ ಸೊನೆ ತಾಕಿತು ಎಂದು ಸುಳ್ಳು ಹೇಳಿದ್ದಳು. "ಪಲ್ಲವಿ ಒಂದು ಸಲ ಕೆಮ್ಮಿದ್ರೆ ಸಾಕು ಶಾಂಭವಿ, ನಾನು ಆಗಲೇ ಅವಳ ಹನ್ನೊಂದನೇ ದಿನದ ಅಡುಗೆ ತನಕ ಹೋಗಿಬಿಟ್ಟಿರ್ತೀನಿ. ಯಾರಿಗೆ ಎಲೆ ಹಾಕೋದು, ಯಾರು ಬಡಿಸೋದು, ಎಲ್ಲ. ನಲವತ್ತು ವರ್ಷ ಆಯ್ತು. ಇದನ್ನ ಯಾರೂ ಇವತ್ತಿನ ತನಕ ಕೇಳಿರಲಿಲ್ಲ ಕಣೇ." ಮೊದಲಿನ ಆರನ್ನೂ ಮತ್ತೆ ಓದಿಸಿಕೊಂಡು ಐದಕ್ಕೆ ಹೌದು ಎಂದು ತಿದ್ದಿಸಿದಳು. ಇಪ್ಪತ್ತರಲ್ಲಿ ಹದಿಮೂರು. ಇಡೀ ಊರಿನಲ್ಲಿ ಅಷ್ಟು ಯಾರಿಗೂ ಬಂದಿರಲಿಲ್ಲ.

ಇಬ್ಬರೂ ಹಾಲು ನೋಡುತ್ತ ಕೂತೆವು. ಕಾಲು ಗಂಟೆಯಾಯಿತು. ಇನ್ನೂ ಸ್ವಲ್ಪ ನೋಡೋಣ ಎಂದಳು. ಅರ್ಧ ಗಂಟೆಯಾಯಿತು. ಹಾಲಿನ ಮೇಲೆ ಒಂದು ಗೆರೆ ಮೂಡಲಿಲ್ಲ, ಕೆನೆ ಕಟ್ಟಿಕೊಂಡು ಸೊಗಸಾಗಿ ಕೂತಿತ್ತು. ಅವಳು ಬಗ್ಗಿ, ಲೋಟವನ್ನು ತನ್ನ ಕಡೆಗೆ ಎಳೆದುಕೊಂಡು, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. ಅವಳ ಮುಖದಲ್ಲಿ ಏನು ಆಗುತ್ತಿತ್ತು ಎಂದು ನಾನು ನೋಡಿದೆ. ನೋಡಬಾರದಿತ್ತು.

"ಹಾಗಾದ್ರೆ ನಂಗೆ ಏನೂ ಇಲ್ಲ," ಅಂದಳು.

ಹೇಳಬಹುದಿತ್ತು. ಅಕ್ಕ, ನಿನ್ನ ಸೊಸೆ ಮಾತು ತಪ್ಪಿದಳು ಎಂದು ಒಂದು ಮಾತು ಹೇಳಲು ಉಸಿರೆಷ್ಟು ಬೇಕು? ಒಂಬತ್ತು ದಿನ ಕಳೆಯಲಿ, ಆ ಹುಡುಗಿಯದು ಗೊತ್ತಾಗಲಿ, ಆಮೇಲೆ ಡಾಕ್ಟರ ಹತ್ತಿರ ನಾನೇ ಹೋಗಿ ಹೇಳುತ್ತೇನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಷ್ಟರಲ್ಲಿ ದೇವೀರಮ್ಮ, ಸುಮ್ಮನೆ ಯಾಕೆ ಹಾಳು ಮಾಡೋದು, ಎಂಟು ವರ್ಷ ಆಯ್ತು ಹಾಲು ಕುಡಿದು ಎಂದು ಲೋಟ ಎತ್ತಿದಳು. ಬಾಯಿಗಿಟ್ಟರೆ ಮುಗಿಯಿತು. ಸೋಡದ ರುಚಿ ಗೊತ್ತಿಲ್ಲದ ನಾಲಿಗೆ ನಮ್ಮೂರಲ್ಲಿಲ್ಲ. ನಾನು ಅದನ್ನು ಅವಳ ಕೈಯಿಂದ ಕಿತ್ತುಕೊಂಡು, ಬಿಸಿಲಲ್ಲಿ ಬಂದಿದ್ದೀನಿ, ಬಾಯಾರಿಕೆ ಎಂದು ಏನೋ ಬಡಬಡಿಸಿ ಗಟಗಟ ಕುಡಿದುಬಿಟ್ಟೆ. ಬಟ್ಟೆ ಸೋಪು ಕದಡಿದ ಹಾಗಿತ್ತು. ಅವಳು ನನ್ನನ್ನು ಆಶ್ಚರ್ಯದಿಂದ ನೋಡಿ, ಒಂದು ತೊಟ್ಟೂ ಬಿಡಲಿಲ್ಲವಲ್ಲೇ ಎಂದು ನಕ್ಕಳು. ನಾನು ಸೆರಗಿನಿಂದ ಬಾಯಿ ಒರೆಸಿಕೊಂಡು ಹಾಲಿನ ಕಾಲಮ್ಮಿನಲ್ಲಿ ಒಡೆದಿಲ್ಲ ಎಂದು ಬರೆದೆ.

ಒಂಬತ್ತನೆಯ ದಿನದ ಶಾಸ್ತ್ರ ಚೆನ್ನಾಗಿ ನಡೆಯಿತು. ಗಂಡಿನ ಕಡೆಯವರು ಹಾಲಿನ ಲೋಟ ನೋಡಿ ತಲೆದೂಗಿ ಎರಡೆರಡು ಸಲ ಉಪ್ಪಿಟ್ಟು ಹಾಕಿಸಿಕೊಂಡರು. ಮದುವೆ ಜ್ಯೇಷ್ಠಕ್ಕೆ ಅಂತ ಆಯಿತು. ಇಲ್ಲಿಗೇನೋ ಮುಗಿಯಿತು, ಇನ್ನು ಹೇಳಬಹುದು ಅಂದುಕೊಂಡರೆ, ಮದುವೆಯ ಮುಂಚೆ ಬಾಯಿಬಿಟ್ಟರೆ ನಿಂತುಹೋಗುತ್ತದೆ ಎಂದು ಭಾಗೀರಥಿ ನನ್ನ ಮನೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ನಾನೂ ಹೂಂ ಅಂದೆ. ದೇವೀರಮ್ಮನ ಸುದ್ದಿಯೋ, ಅವಳು ಆಮೇಲೆ ಏನನ್ನೂ ಹೇಳಿಕೊಳ್ಳುವುದನ್ನು ಬಿಟ್ಟಳು. ಬೀದಿಯಲ್ಲಿ ಸಿಕ್ಕಿ ಹೇಗಿದ್ದೀಯ ಎಂದು ಕೇಳಿದರೆ, ನಂಗೇನಾಗಿದೆ, ಹಾಲೇ ಹೇಳಲಿಲ್ವಾ, ನನ್ನದೆಲ್ಲ ಬರೀ ನಾಟಕ ಅನ್ನುತ್ತಿದ್ದಳು. ಹಾಗನ್ನುತ್ತಲೇ ಬಲಗೈ ಹೆಬ್ಬೆರಳಿನಿಂದ ಉಳಿದ ಬೆರಳುಗಳ ತುದಿ ಮುಟ್ಟಿ ಮುಟ್ಟಿ ಎಣಿಸುತ್ತಿದ್ದಳು. ಎಷ್ಟು ಸೊರಗಿದ್ದಳೆಂದರೆ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಮದುವೆಯ ಓಡಾಟ, ವಯಸ್ಸು ಎಂದು ಜನ ಮಾತಾಡಿಕೊಂಡರು.

ಚೈತ್ರದ ಕೊನೆಗೆ ಡಾಕ್ಟರು ಮೃದುಲಾ ಫಲಿತಾಂಶ ಹಿಡಿದುಕೊಂಡು ಬಂದಳು. ಮತ್ತೆ ಅದೇ ಸಭಾಂಗಣ. ಈ ಸಲ ಮಕ್ಕಳು, ಸೊಸೆಯಂದಿರು ಕೂಡ ತುಂಬಿದ್ದರು. ಎರಡು ನೂರ ಹನ್ನೆರಡು ಜನರಲ್ಲಿ ನಾಲ್ವರಿಗೆ ಮಾತ್ರ ಹಾಲು ಒಡೆದಿದೆ, ಇಷ್ಟು ನೆಮ್ಮದಿಯ ಊರು ನಾನು ನೋಡಿಲ್ಲ ಎಂದು ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈಯೂ ತಟ್ಟಿತು. ಆಮೇಲೆ ಅವಳು ಗೋಡೆಯ ಮೇಲೆ ಫಾರಂ ತೋರಿಸಿದಳು. ಇಪ್ಪತ್ತರಲ್ಲಿ ಹದಿಮೂರು ಪ್ರಶ್ನೆಗಳ ಮೇಲೆ ಕೆಂಪು ಗೆರೆ. ಈ ಪ್ರಶ್ನೆಗಳಿಗೆ ಅರವತ್ತು, ಎಪ್ಪತ್ತು ಜನ ಹೌದು ಅಂದಿದ್ದಾರೆ, ಆದರೆ ಅವರ ಹಾಲು ಒಡೆದಿಲ್ಲ. ಅಂದರೆ ಕಳವಳ ಇಲ್ಲದವರೂ ಸುಮ್ಮನೆ ಹೌದು ಅನ್ನುವಂಥ ಪ್ರಶ್ನೆಗಳಿವು, ಇವು ಕೆಟ್ಟ ಪ್ರಶ್ನೆಗಳು, ತೆಗೆದಿದ್ದೇವೆ. ಉಳಿದ ಏಳು ಮಾತ್ರ ಇನ್ನು ಮುಂದೆ ಎಲ್ಲ ಊರಿನ ಎಲ್ಲ ಆಸ್ಪತ್ರೆಗಳಲ್ಲಿ ಕೇಳಲಾಗುತ್ತದೆ. ಅರವತ್ತು, ಎಪ್ಪತ್ತು ಜನ. ಮುಚ್ಚಿದ ಬಾಗಿಲ ಹಿಂದೆ ಅಷ್ಟು ಜನ ಮೆಲ್ಲಗೆ ಹೌದು ಅಂದದ್ದನ್ನು ಬರೆದುಕೊಂಡವಳು ನಾನೇ. ಒಂದೊಂದಾಗಿ ಬರೆಯುವಾಗ ಅದು ಅಷ್ಟು ಅಂತ ನನಗೆ ತೋಚಿರಲಿಲ್ಲ.

ಅವಳು ದಡ್ಡಿಯಲ್ಲ. ಏನೋ ಸರಿಯಿಲ್ಲ ಅನ್ನಿಸಿರಬೇಕು. ಮೈಕು ಪಕ್ಕಕ್ಕಿಟ್ಟು ನನ್ನ ಕಡೆಗೆ ತಿರುಗಿ ಕೇಳಿದಳು: "ಶಾಂಭವಿಯವರೇ, ಎಲ್ಲ ಮನೆಗೂ ಹೋದವರು ನೀವು. ಹಾಲಿನಲ್ಲಿ ಏನೂ ತೊಂದರೆ ಇರಲಿಲ್ಲ ತಾನೇ?"

ಎರಡು ನೂರು ಮನೆಯ ಹೆಂಗಸರು ನನ್ನನ್ನು ನೋಡುತ್ತಿದ್ದರು. ಮೂರನೆಯ ಸಾಲಿನಲ್ಲಿ ಭಾಗೀರಥಿಯ ಮಡಿಲಲ್ಲಿ ಪಲ್ಲವಿಯ ಲಗ್ನಪತ್ರಿಕೆಗಳ ಕಟ್ಟು. ಅವಳ ಪಕ್ಕದಲ್ಲಿ ದೇವೀರಮ್ಮ, ಕೆಂಪು ಗೆರೆ ಬಿದ್ದ ಫಾರಮ್ಮನ್ನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು, ಅವಳಿಗೆ ದೂರದ ಅಕ್ಷರ ಕಾಣುವುದಿಲ್ಲ. ಪಲ್ಲವಿಯ ಮದುವೆ ಅಂತ ಹೇಳಿಕೊಂಡೆನಲ್ಲ, ಅದು ಅರ್ಧ ನಿಜ. ಇನ್ನರ್ಧ ಏನೆಂದರೆ, ಆ ಹಾಲಿನ ಉಪಾಯ ಹೇಳಿಕೊಟ್ಟವಳು ನಾನು, ಎರಡು ನೂರು ಫಾರಂ ಸುಳ್ಳು ಬರೆದವಳು ನಾನು, ಅದು ಆ ಹುಡುಗಿ ಡಾಕ್ಟರ ಎದುರು ಬಯಲಾಗುವುದು ನನಗೆ ಬೇಡವಾಗಿತ್ತು. "ಇಲ್ಲ ಡಾಕ್ಟ್ರೇ, ಒಳ್ಳೆ ಹಾಲು," ಅಂದೆ. ಉಸಿರು ಬಿಟ್ಟ ಸದ್ದು ಇಡೀ ಸಭಾಂಗಣದಿಂದ ಬಂತು. ಡಾಕ್ಟರು ಥ್ಯಾಂಕ್ಸ್ ಎಂದು ಹೇಳಿ, ವರದಿಯ ಕೆಳಗೆ ಸಹಿ ಮಾಡಿದಳು.

ಪಲ್ಲವಿಯ ಮದುವೆ ಮುಗಿದು ಎರಡು ವಾರಕ್ಕೆ ಹೊಸ ಫಾರಮ್ಮುಗಳ ಕಂತೆ ಬಂತು. ಏಳೇ ಪ್ರಶ್ನೆ, ಐದು ನಿಮಿಷದ ಕೆಲಸ, ಹಾಲಿನ ಅಗತ್ಯವೇ ಇಲ್ಲ, ನಾಲ್ಕಕ್ಕಿಂತ ಹೆಚ್ಚು ಬಂದರೆ ಮಾತ್ರ ಮಂಗಳವಾರದ ಪಟ್ಟಿಗೆ. ಎಲ್ಲರನ್ನೂ ಇನ್ನೊಂದು ಸಲ ಕೇಳಬೇಕಂತೆ. ನಾನು ದೇವೀರಮ್ಮನ ಮನೆಗೇ ಮೊದಲು ಹೋದೆ. ಈ ಸಲವಾದರೂ ಏಳರಲ್ಲಿ ಐದು ಬರಿಸಿಬಿಡಬೇಕು, ಬೇಕಾದರೆ ನಾನೇ ಬರೆದುಕೊಳ್ಳುತ್ತೇನೆ ಎಂದು ಅಂದುಕೊಂಡು ಹೋದೆ. ಅವಳು ಚಾಪೆ ಹಾಸಿರಲಿಲ್ಲ, ಹಾಸಿಗೆಯಿಂದ ಏಳುತ್ತಿರಲಿಲ್ಲ. ಆದರೂ ನನ್ನ ಕೈಯಲ್ಲಿ ಫಾರಂ ಕಂಡು, ಗೋಡೆಗೆ ಒರಗಿ ಎದ್ದು ಕೂತು, ತಲೆಗೂದಲು ಹಿಂದಕ್ಕೆ ತಳ್ಳಿಕೊಂಡಳು.

ಓದಿದೆ. ಕೈಕಾಲು ನಡುಗಿ ವಸ್ತುಗಳು ಕೈಜಾರುತ್ತವೆಯೇ? ಇಲ್ಲ. ಜನ ಸೇರಿದ ಕಡೆ ತಲೆಸುತ್ತಿ ಬಿದ್ದಿದ್ದೀರಾ? ಇಲ್ಲ. ಎಲ್ಲದಕ್ಕೂ ಅವಳು ಯೋಚಿಸಿ, ಸುಳ್ಳಾಗಬಾರದು ಎಂದು ನೆನಪು ಮಾಡಿಕೊಂಡು, ಇಲ್ಲ ಅಂದಳು. ಏಳಕ್ಕೆ ಏಳೂ ಇಲ್ಲ. ಯಾವುದೂ ಅವಳ ಕಳವಳದ ಪ್ರಶ್ನೆಯಾಗಿರಲಿಲ್ಲ, ಆ ನಾಲ್ವರ ಕಳವಳದ ಪ್ರಶ್ನೆಗಳು. ಅಕ್ಕ, ಸ್ವಲ್ಪ ಹೌದು ಅನ್ನೇ ಅಂದೆ. ಯಾಕೆ ಹೇಳಲಿ, ನಂಗೆ ಹಾಗೆಲ್ಲ ಆಗಿಲ್ವಲ್ಲ ಅಂದಳು. ನಾನು ಹಾಳೆ ಮಡಿಸಿದೆ. ಅವಳು ಇನ್ನೂ ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು, ಇನ್ನೊಂದು ಬರುತ್ತದೆ ಅಂತ.

"ಅವತ್ತಿನದು ಕೇಳಲೇ ಇಲ್ವಲ್ಲೇ. ಏನೋ ಕೆಟ್ಟದ್ದು ಆಗಿಬಿಡತ್ತೆ ಅನ್ನೋದು."

ಅದನ್ನು ತೆಗೆದುಬಿಟ್ಟರು ಅಂದೆ.

ಯಾಕೆ ಎಂದು ಕೇಳಿದಳು. ನಾನು ಮಡಿಸಿದ ಹಾಳೆಯನ್ನು ಮತ್ತೆ ಬಿಡಿಸಿದೆ. ಅವಳು ತಾನೇ ಉತ್ತರ ಹುಡುಕಿಕೊಂಡು, ನನ್ನನ್ನು ಕಷ್ಟಕ್ಕೆ ಸಿಕ್ಕಿಸಬಾರದು ಅನ್ನುವವಳ ಹಾಗೆ ಮೆಲ್ಲಗೆ ತಲೆಯಾಡಿಸಿದಳು.

"ಹಾಗಾದ್ರೆ ಊರಲ್ಲಿ ಬೇರೆ ಯಾರಿಗೂ ಹಾಗೆ ಅನ್ನಿಸಲ್ಲ ಅಂತಾಯ್ತು. ನಂಗೊಬ್ಬಳಿಗೇ."

ನಾನು ಅಂಕಿ ಕೂಡಿ ಸೊನ್ನೆ ಎಂದು ಬರೆದೆ, ಅವಳ ಕೈಗೆ ಪೆನ್ನು ಕೊಟ್ಟೆ. ಅವಳು ಎಲ್ಲಿ ಹಾಕಬೇಕು ಎಂದು ಕೇಳಿ, ನಾನು ತೋರಿಸಿದ ಕಡೆ ಸಹಿ ಹಾಕಿದಳು.